ಎಷ್ಟು ಅಡಿ ಬಂತು?

ಹೋದ ತಿಂಗಳು ಹೊಸದುರ್ಗಕ್ಕೆ ಹೋಗೋವಾಗ ಹಿರಿಯೂರಿನಲ್ಲಿ ಬಸ್ಸು ಬದಲಿಸಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಕಂಡಕ್ಟರನ್ನ ಕೇಳಿದ್ದು ಒಂದೇ ಮಾತು. "ಡ್ಯಾಮು ಎಷ್ಟು ಅಡಿ ಐತಪ್ಪಾ?" ಮಾರಿಕಣಿವೆ ತುಂಬೋದು 130 ಅಡಿಗೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಅಡಿ ಎಷ್ಟು ಅಂದರೆ ಸಾಕು, ಅರ್ಥವಾಗುತ್ತೆ.

ಮನೆಗೆ ಹೋದರೆ ಹೊಳಲ್ಕೆರೆಯಿಂದ ಅಕ್ಕ, ಭಾವ ಬಂದಿದ್ದರು. ಭಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಿಯುಸಿ ಮುಗಿಸಿದ ಮಗಳು ಇಂಜಿನಿಯರಿಂಗ್ ಬೇಡ, ಕೆಮಿಸ್ಟ್ರಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. "ನಿಮಗೆ ಕಂಪನೀಲಿ ರೇಟಿಂಗ್ ಕೊಡ್ತಾರೆ. ಇವರಿಗೇನೋ ಸೈಟೇಷನ್ ಅಂತೆ. ಅದು ಎಷ್ಟಿದ್ರೆ ಗೆದ್ದಂಗೆ ಹೇಳು?" ಅಂದರು ಭಾವ.

ನಾನು ಇ. ಡಿ. ಜೆಮ್ಮಿಸ್ ಅವರ ಕಥೆ ಹೇಳಿದೆ. ನಿಮಗೂ ಹೇಳ್ತೀನಿ.

ಕೇರಳದ ತ್ರಿಶ್ಶೂರು ಕಡೆಯವರು, 1951ರಲ್ಲಿ ಹುಟ್ಟಿದವರು. ಕಾನ್ಪುರ ಐಐಟಿಯಲ್ಲಿ ಎಂಎಸ್ಸಿ, 1978ರಲ್ಲಿ ಪ್ರಿನ್ಸ್‌ಟನ್‌ನಿಂದ ಪಿಎಚ್‌ಡಿ. ಆಮೇಲೆ ಕಾರ್ನೆಲ್‌ನಲ್ಲಿ ರೋಆಲ್ಡ್ ಹಾಫ್‌ಮನ್ ಜೊತೆ ಎರಡು ವರ್ಷ. ಹಾಫ್‌ಮನ್‌ಗೆ 1981ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಜೆಮ್ಮಿಸ್ ಭಾರತಕ್ಕೆ ವಾಪಸ್ ಬಂದು ಹೈದರಾಬಾದ್ ವಿಶ್ವವಿದ್ಯಾಲಯ ಸೇರಿ ಆಗಿತ್ತು! ಅಲ್ಲಿ 25 ವರ್ಷ ಇದ್ದು 2005ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ನಮ್ಮ ಜಿಲ್ಲೆಯ ಕುದಾಪುರದಲ್ಲಿ ಇನ್ನೊಂದು ಕ್ಯಾಂಪಸ್ ಇರೋ ಅದೇ ಸಂಸ್ಥೆ. 1994ರಲ್ಲಿ ಭಟ್ನಾಗರ್ ಪ್ರಶಸ್ತಿ, 2014ರಲ್ಲಿ ಪದ್ಮಶ್ರೀ.

ಇವರ ಕೆಲಸ ಅಣುಗಳ ಲೆಕ್ಕ. ಬೋರಾನ್ ಪರಮಾಣುಗಳು ಸೇರಿ ಪಂಜರದಂಥ ಆಕಾರ ಕಟ್ಟಿಕೊಳ್ತವೆ. ಅದು ನಿಲ್ಲೋಕೆ ಎಷ್ಟು ಎಲೆಕ್ಟ್ರಾನ್ ಜೋಡಿ ಬೇಕು? 1971ರಲ್ಲಿ ಕೆನೆತ್ ವೇಡ್ ಸುಲಭದ ಸೂತ್ರ ಕೊಟ್ಟಿದ್ದರು. ಮುಚ್ಚಿದ ಪಂಜರವಾದರೆ, ಮೂಲೆಗಳೆಷ್ಟೋ ಅದಕ್ಕೆ ಒಂದು ಸೇರಿಸಿ. ಹನ್ನೆರಡು ಮೂಲೆಗೆ 13 ಜೋಡಿ. ಆದರೆ ಪಂಜರಕ್ಕೆ ಪಂಜರ ಅಂಟಿಕೊಂಡಾಗ ಈ ಲೆಕ್ಕ ತಪ್ಪುತ್ತಿತ್ತು.

2001ರಲ್ಲಿ ಜೆಮ್ಮಿಸ್ ಮತ್ತು ಸಂಗಡಿಗರು ಅದನ್ನ ಸರಿಮಾಡಿದರು. ಪಂಜರಗಳೆಷ್ಟು, ಮೂಲೆಗಳೆಷ್ಟು, ಒಂದೇ ಮೂಲೆಯಲ್ಲಿ ಎರಡು ಪಂಜರ ಕೂಡಿರೋ ಜಾಗ ಎಷ್ಟು, ಬಿಟ್ಟುಹೋದ ಮೂಲೆಗಳೆಷ್ಟು ಎಲ್ಲ ಕೂಡಿಸಿ. ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣ ಕೂತಿರೋ ಫೆರೋಸೀನ್‌ಗೆ 2+11+1+2, ಅಂದರೆ 16 ಜೋಡಿ. ನಿಜಕ್ಕೂ ಅಷ್ಟೇ ಇವೆ! ಬೋರಾನ್ ಪಂಜರಕ್ಕೂ ಫೆರೋಸೀನ್‌ಗೂ ಒಂದೇ ಲೆಕ್ಕ. ಇದೇ ಜೆಮ್ಮಿಸ್ ಎಂಎನ್‌ಒ ನಿಯಮ.

"ಅದಿರಲಿ, ಸೈಟೇಷನ್ನು?" ಅಂದರು ಭಾವ :)

ಅದಕ್ಕೂ ಸೂತ್ರ ಇದೆ. 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಅಂತ ಮಾಡಿದ. ತಲಾ ಇಪ್ಪತ್ತು ಸಲವಾದರೂ ಬೇರೆಯವರು ಉಲ್ಲೇಖಿಸಿದ ಇಪ್ಪತ್ತು ಪೇಪರ್ ಇದ್ದರೆ ಇಂಡೆಕ್ಸ್ ಇಪ್ಪತ್ತು. ನಮ್ಮ ಸಿ. ಎನ್. ಆರ್. ರಾಯರದ್ದು 100 ಮುಟ್ಟಿತು ಅಂತ 2013ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆದರೆ ರಾಯರದ್ದು ಹೊಸ ಪದಾರ್ಥ ತಯಾರಿಸೋ ಕ್ಷೇತ್ರ. ಅಲ್ಲಿ ಪ್ರಪಂಚದ ತುಂಬ ಜನ. ಬೋರಾನ್ ಪಂಜರದ ಲೆಕ್ಕ ಹಾಕೋರು ಎಷ್ಟು ಮಂದಿ? ಇಬ್ಬರನ್ನೂ ಒಂದೇ ಅಳತೆಕೋಲಲ್ಲಿ ಅಳೆಯೋದು, ಅಂಟಿಕೊಂಡ ಪಂಜರಕ್ಕೆ ಒಂಟಿ ಪಂಜರದ ಸೂತ್ರ ಹಾಕಿದ ಹಾಗೆ. ಇನ್ನೊಂದು ಮಾತು. ನಿಯಮ ಪಠ್ಯಪುಸ್ತಕ ಸೇರಿದ ಮೇಲೆ ಮೂಲ ಪೇಪರನ್ನ ಯಾರೂ ಉಲ್ಲೇಖಿಸೋದೇ ಇಲ್ಲ. ಹೆಸರು ಉಳಿಯುತ್ತೆ, ಎಣಿಕೆ ನಿಲ್ಲುತ್ತೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಎಷ್ಟು ಅಡಿ ಅಂತ ಕೇಳೋಕೆ ಮುಂಚೆ ಯಾವ ಡ್ಯಾಮು ಅಂತ ಕೇಳ್ಬೇಕು ಅಂತೀಯ" ಅಂದರು. ಮೇಷ್ಟ್ರಲ್ವೇ, ನನಗಿಂತ ಚೆನ್ನಾಗಿ ಹೇಳಿದರು.

ನನಗೂ ಕೆಮಿಸ್ಟ್ರಿ ಇಷ್ಟವಿತ್ತು. ಸಿಇಟಿ ರ‍್ಯಾಂಕ್ ಒಂದನ್ನೇ ನೋಡಿ ಕಂಪ್ಯೂಟರ್ ಸೈನ್ಸ್ ಸೇರಿದೆ. ಬೇಜಾರಿಲ್ಲ. ಆದರೂ ಹೊರಡುವಾಗ ಹುಡುಗಿಯ ಬಿಎಸ್ಸಿ ಅರ್ಜಿಗೆ ಭಾವ ಸಹಿ ಹಾಕಿದ್ದು ನೋಡಿ ಖುಷಿಯಾಯ್ತು.

ನೀವೇನಂತೀರಿ?