ಕೈ ಇಲ್ಲದ ಬಟಾಣಿ ಬಳ್ಳಿ ಕೋಲು ಹಿಡಿಯೋದು ಹೇಗೆ?

2022ರಲ್ಲಿ ಬಾಬಾಬುಡನ್‌ಗಿರಿ ಸಾಲಿನಲ್ಲಿ ನೀಲಕುರಿಂಜಿ ಅರಳಿದ್ದು ನೆನಪಿದೆಯಲ್ವಾ? ನಿಮ್ಮ ಫೋನ್ ಗ್ಯಾಲರಿಯಲ್ಲಿ ಒಂದು ಸೆಲ್ಫಿ ಆದ್ರೂ ಇರುತ್ತೆ. ಹನ್ನೆರಡು ವರ್ಷ ಸುಮ್ಮನಿದ್ದ ಗಿಡಗಳು ಗುಡ್ಡದ ತುಂಬ ಒಟ್ಟಿಗೆ ಹೂ ಬಿಡ್ತಾವೆ. ನಮ್ಮ ಕಾಫಿ ಗಿಡವೂ ಕಮ್ಮಿ ಏನಲ್ಲ. ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾಯುತ್ತೆ, ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. "ಗಿಡಕ್ಕೆ ಗೊತ್ತಾಗುತ್ತೆ" ಅಂತ ತೋಟದಲ್ಲಿ ಯಾರಾದ್ರೂ ಹೇಳಿದ್ರೆ ನಾವು ತಲೆ ಆಡಿಸ್ತೀವಿ. ಅದೇ ಮಾತನ್ನ ಒಬ್ಬ ವಿಜ್ಞಾನಿ ಹೇಳಿದ್ರೆ? ದೊಡ್ಡ ಜಗಳವೇ ಆಗುತ್ತೆ.

ಉಂಬರ್ತೊ ಕಾಸ್ತಿಯೆಲ್ಲೊ ಇಟಲಿಯ ಪಾದೊವಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು. ಸಸ್ಯಶಾಸ್ತ್ರದವರಲ್ಲ, ಇದು ಗಮನದಲ್ಲಿರಲಿ. ಅವರು ವರ್ಷಗಟ್ಟಲೆ ನೋಡಿದ್ದು ಮನುಷ್ಯರ ಕೈಯನ್ನ. ಕಾಫಿ ಲೋಟಕ್ಕೆ ಕೈ ಚಾಚ್ತೀರಿ ಅಂತಿಟ್ಕೊಳ್ಳಿ. ಲೋಟ ಮುಟ್ಟೋ ಮೊದಲೇ, ದಾರಿಯಲ್ಲೇ, ಬೆರಳುಗಳು ಲೋಟದ ಗಾತ್ರಕ್ಕೆ ತಕ್ಕಂತೆ ಅಗಲ ಆಗಿರ್ತಾವೆ. ಅಂದ್ರೆ ಮಿದುಳು ಮುಂಚೆಯೇ ಲೆಕ್ಕ ಹಾಕಿದೆ. 2010ರಲ್ಲಿ ಅವರ ತಂಡ ತಾಯಿಯ ಹೊಟ್ಟೆಯಲ್ಲಿರೋ ಅವಳಿ ಶಿಶುಗಳನ್ನ ಸ್ಕ್ಯಾನಿಂಗ್‌ನಲ್ಲಿ ಗಮನಿಸಿತು. 14ನೇ ವಾರದ ಹೊತ್ತಿಗೇ ಒಂದು ಶಿಶು ಇನ್ನೊಂದರ ಕಡೆಗೆ ಗುರಿ ಇಟ್ಟು ಕೈ ಚಾಚುತ್ತೆ ಅಂತ ಬರೆದರು.

ಆಮೇಲೆ ಅದೇ ಕ್ಯಾಮೆರಾ, ಅದೇ ಲೆಕ್ಕಾಚಾರ ಬಟಾಣಿ ಬಳ್ಳಿಯ ಮುಂದೆ ಬಂತು.

ಬಟಾಣಿ ಬಳ್ಳಿ ತುದಿಯಲ್ಲಿ ಸ್ಪ್ರಿಂಗ್ ಥರ ಸುತ್ತಿಕೊಳ್ಳೋ ಎಳೆಗಳಿರ್ತಾವಲ್ಲ, ಹಾಗಲ ಬಳ್ಳಿಯಲ್ಲಿ ನೀವು ನೋಡಿರೋ ಥರದ್ದು. ಪಕ್ಕದಲ್ಲಿ ಒಂದು ಕೋಲು ನೆಟ್ಟರೆ ಬಳ್ಳಿ ಗಾಳಿಯಲ್ಲಿ ಸುತ್ತುತ್ತಾ ಸುತ್ತುತ್ತಾ ಅದರ ಹತ್ತಿರ ಬರುತ್ತೆ. ಸಿಲ್ವಿಯಾ ಗುವೆರ್ರಾ, ಕಾಸ್ತಿಯೆಲ್ಲೊ ಮತ್ತಿತರರು 2019ರಲ್ಲಿ ಪ್ರಕಟಿಸಿದ್ದು ಇದು: ಕೋಲಿನ ದಪ್ಪಕ್ಕೆ ತಕ್ಕ ಹಾಗೆ ಆ ಎಳೆಗಳು ಅಗಲವಾಗೋ ಅಳತೆ ಬದಲಾಗುತ್ತೆ, ಅದೂ ಕೋಲನ್ನ ಮುಟ್ಟೋಕೆ ಸಾಕಷ್ಟು ಮೊದಲೇ! ಕಣ್ಣಿಲ್ಲ, ನರ ಇಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಬಳ್ಳಿಗಳು ಹೀಗೆ ಸುತ್ತೋದನ್ನ ಡಾರ್ವಿನ್ 1865ರಲ್ಲೇ ವಿವರವಾಗಿ ಬರೆದಿದ್ದರು, ಮಗ ಫ್ರಾನ್ಸಿಸ್ ಜೊತೆ 1880ರಲ್ಲಿ ಗಿಡಗಳ ಚಲನೆ ಬಗ್ಗೆ ಇಡೀ ಪುಸ್ತಕವನ್ನೇ ತಂದರು. ಆದ್ರೆ ಮುಟ್ಟೋ ಮೊದಲೇ ಅಳತೆ ಅನ್ನೋದು ಹೊಸದು.

ಬೇರೆ ವಿಷಯದವರು ಬಂದು ಗಿಡದ ಬಗ್ಗೆ ಮಾತಾಡಿದ್ರೆ ಏನಾಗುತ್ತೆ ಅನ್ನೋದು ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. (ಬಿಕಾಂ ಓದಿ ಈ ಎಪಿಸೋಡ್ ಮಾಡ್ತಿರೋ ನಂಗೂ ಗೊತ್ತು, ಬಿಡಿ.) ಜಗದೀಶ್ ಚಂದ್ರ ಬೋಸ್ ಭೌತಶಾಸ್ತ್ರದವರು, ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಗಿಡವೂ ಪ್ರಾಣಿಯ ಸ್ನಾಯುವಿನ ಥರ ವಿದ್ಯುತ್ ಪ್ರತಿಕ್ರಿಯೆ ತೋರಿಸುತ್ತೆ ಅಂತ ಹೇಳಿದರು. ಆ ಕಾಲದ ದೊಡ್ಡ ಶರೀರಶಾಸ್ತ್ರಜ್ಞ ಬರ್ಡನ್ ಸ್ಯಾಂಡರ್ಸನ್ ಒಪ್ಪಲಿಲ್ಲ. ನಿಮ್ಮ ಭೌತಶಾಸ್ತ್ರ ನೀವು ನೋಡಿಕೊಳ್ಳಿ ಅನ್ನೋ ಧಾಟಿ. ಪ್ರಬಂಧ ಪ್ರಕಟ ಆಗಲಿಲ್ಲ. ಬೋಸ್ ಊರಿಗೆ ಬಂದು ಸುಮ್ಮನೆ ಕೂರಲಿಲ್ಲ. ಗಿಡದ ಬೆಳವಣಿಗೆಯನ್ನ ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸೋ ಕ್ರೆಸ್ಕೋಗ್ರಾಫ್ ಅನ್ನೋ ಯಂತ್ರ ಮಾಡಿದರು, ಮುಟ್ಟಿದರೆ ಮುನಿ ಗಿಡವನ್ನ ತಂತಿಗೆ ಜೋಡಿಸಿ ಅದರ ಕೈಯಲ್ಲೇ ಗೆರೆ ಬರೆಸಿದರು, 1917ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1920ರಲ್ಲಿ ಅದೇ ರಾಯಲ್ ಸೊಸೈಟಿ ಅವರನ್ನ ಸದಸ್ಯರನ್ನಾಗಿ ಮಾಡಿಕೊಂಡಿತು. ಗಿಡದಲ್ಲಿ ವಿದ್ಯುತ್ ಸಂಕೇತ ಓಡುತ್ತೆ ಅನ್ನೋದು ಈಗ ಪಾಠದ ಪುಸ್ತಕದ ಮಾತು.

ಹಾಗಂತ ಹೊರಗಿನವರು ಹೇಳಿದ್ದೆಲ್ಲ ನಿಜ ಆಗಲ್ಲ. ಮೋನಿಕಾ ಗಾಲ್ಯಾನೊ ಅನ್ನೋ ಸಂಶೋಧಕಿ 2014ರಲ್ಲಿ ಮುಟ್ಟಿದರೆ ಮುನಿಯ ಕುಂಡಗಳನ್ನ ಮತ್ತೆ ಮತ್ತೆ ಮೇಲಿಂದ ಬೀಳಿಸಿದರು. ಏನೂ ಅಪಾಯ ಇಲ್ಲ ಅಂತಾದ ಮೇಲೆ ಎಲೆ ಮುದುಡೋದು ನಿಂತಿತು. ಇದು ಸರಿ. ಆದ್ರೆ ಬಟಾಣಿ ಗಿಡ ಫ್ಯಾನ್ ಗಾಳಿಗೂ ಬೆಳಕಿಗೂ ನಂಟು ಕಲಿಯುತ್ತೆ ಅಂತ 2016ರಲ್ಲಿ ಅವರು ಹೇಳಿದ್ದನ್ನ 2020ರಲ್ಲಿ ಇನ್ನೊಬ್ಬರು ಮಾಡಿ ನೋಡಿದಾಗ ಹಾಗಾಗಲಿಲ್ಲ. ನಡುವೆ 2019ರಲ್ಲಿ ಸಸ್ಯವಿಜ್ಞಾನಿಗಳ ಒಂದು ಗುಂಪು ಗಿಡಕ್ಕೆ ಪ್ರಜ್ಞೆ ಇಲ್ಲ, ಬೇಕಾಗೂ ಇಲ್ಲ ಅಂತ ಖಡಾಖಂಡಿತ ಬರೆಯಿತು.

ನಂಗೆ ಅನ್ಸೋದು, ಪಾದೊವಾದವರ ಅಳತೆ ನಂಬಬಹುದು, ಅದಕ್ಕೆ ಇಡೋ ಹೆಸರಿನ ಬಗ್ಗೆ ಮಾತ್ರ ಹುಷಾರಾಗಿರಬೇಕು. "ಯೋಜನೆ" ಅಂದ ಕೂಡಲೇ ನಾವು ಬಳ್ಳಿಯೊಳಗೆ ಒಬ್ಬ ಪುಟ್ಟ ಮನುಷ್ಯನನ್ನ ಕೂರಿಸಿಬಿಡ್ತೀವಿ. ಗಿಡದ ದಾರಿ ಬೇರೆಯೇ ಇರಬಹುದು. ತೋಟದಲ್ಲೇ ನೋಡಿ, ಸಿಲ್ವರ್ ಓಕ್ ಹತ್ತೋ ಮೆಣಸಿನ ಬಳ್ಳಿಗೆ ಸುತ್ತೋ ಎಳೆಯೇ ಇಲ್ಲ. ಗೆಣ್ಣಿನ ಬೇರು ಕಚ್ಚಿಕೊಂಡೇ ಮೇಲೆ ಹೋಗುತ್ತೆ.

ನೀವೇ ನೋಡಬೇಕು ಅಂದ್ರೆ ಹಿತ್ತಲಿನ ಹಾಗಲ ಬಳ್ಳಿ ಪಕ್ಕ ಒಂದು ಕಡ್ಡಿ ನೆಡಿ. ಫೋನನ್ನ ಪವರ್ ಬ್ಯಾಂಕಿಗೆ ಹಾಕಿ, ಅಲ್ಲಾಡದ ಹಾಗೆ ಇಟ್ಟು ಟೈಮ್‌ಲ್ಯಾಪ್ಸ್ ಆನ್ ಮಾಡಿ, ಮೂರ್ನಾಲ್ಕು ಗಂಟೆ ಬಿಡಿ. ಮಳೆ ಬಂದ್ರೆ ಮಾತ್ರ ಫೋನ್ ಮೊದಲು ಒಳಗೆ ತನ್ನಿ.