ಹೆಸರಿನಾಗ ಹಾನಗಲ್ಲ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಗೆಳೆಯರೇ, ನಮ್ಮ ಕಡೆಯ ಒಂದು ಊರಿನ ಹೆಸರು ದೇಶದ ರೇಡಿಯೋದಾಗೆಲ್ಲ ಕೇಳಿಸ್ತಿತ್ತು, ಗೊತ್ತೇನ್ರಿ? ಗಂಗೂಬಾಯಿ ಹಾನಗಲ್ಲ.

ಹುಟ್ಟಿದ್ದು 1913ರಲ್ಲಿ, ಧಾರವಾಡದಾಗ. ಹಾನಗಲ್ಲ ಅವರ ಹಿರಿಯರ ಊರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಾಗ ಗಾಂಧೀಜಿ ಮುಂದೆ ಹಾಡಿದಾಗ ಇನ್ನೂ ಸಣ್ಣ ಹುಡುಗಿ. ಜಾತಿ ನೋಡಿ, ಊಟ ಆದ ಮ್ಯಾಲೆ ಎಂಜಲ ತೆಗಿ ಅಂದಾರೇನೋ ಅನ್ನೋದೇ ಅವರಿಗಿದ್ದ ಅಂಜಿಕೆ.

ಮುಂದೆ ಹುಬ್ಬಳ್ಳಿಯಿಂದ ರೈಲಿನಾಗ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಹತ್ರ ಕಿರಾಣಾ ಘರಾಣೆಯ ಗಾಯನ ಕಲಿತರು. ಗಂಟಲಿಗೆ ಶಸ್ತ್ರಚಿಕಿತ್ಸೆ ಆಗಿ ದನಿ ದಪ್ಪ ಆತು. ಹಾಡೋದು ಬಿಡಲಿಲ್ಲ, ಆ ದನಿಯೇ ಅವರ ಗುರುತಾಯ್ತು. ಜಾತಿ ಕೇಳಿ ಹೊರಗೆ ಕೂರಿಸೋ ಮನೆಗಳ ಒಳಗೂ ರೇಡಿಯೋ ಆ ದನಿಯನ್ನ ಒಯ್ದಿತು.

ಆದರೂ ಹೆಸರಿನ ಲೆಕ್ಕ ಬ್ಯಾರೇನ ಇತ್ತು. ಗಂಡಸು ಹಾಡಿದ್ರ ಪಂಡಿತ, ಉಸ್ತಾದ. ಹೆಂಗಸು ಎಷ್ಟು ದೊಡ್ಡಾಕಿ ಆದ್ರೂ ಬರೇ ಬಾಯಿ. ಇದನ್ನ ಅವರೇ ಹೇಳಿದ್ದರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ಮುಂದಿನ ಸಲ ಬಸ್ಸಿನ ಮ್ಯಾಲೆ ಹಾನಗಲ್ಲ ಅಂತ ಬೋರ್ಡ್ ಕಂಡ್ರ, ಇವರ ಒಂದು ರಾಗ ಹಚ್ಚಿ ಕೇಳ್ರಿ. ಪೂರ್ತಿ ಕೇಳ್ರಿ, ನಡುವೆ ಸ್ಕ್ರಾಲ್ ಮಾಡಬ್ಯಾಡ್ರಿ.