ಹಬಲ್ ದೂರದರ್ಶಕದ ನೇರಳಾತೀತ ರೋಹಿತಲೇಖಿ

ನಕ್ಷತ್ರಗಳ ನೇರಳಾತೀತ ಕಿರಣಗಳ ಬಹುಭಾಗವನ್ನು ಭೂಮಿಯ ವಾಯುಮಂಡಲವು ಹೀರಿಕೊಳ್ಳುವುದರಿಂದ ಅವುಗಳನ್ನು ನೆಲದ ಮೇಲಿನ ವೀಕ್ಷಣಾಲಯಗಳಿಂದ ಅಧ್ಯಯನ ಮಾಡಲು ಬರುವುದಿಲ್ಲ. ಈ ಕಿರಣಗಳನ್ನೂ ಗ್ರಹಿಸಬಲ್ಲ 'ಸ್ಟಿಸ್' ಎಂಬ ರೋಹಿತಲೇಖಿಯನ್ನು ಅಮೆರಿಕದ ನಾಸಾ ಸಂಸ್ಥೆಯು 1997ರ ಫೆಬ್ರವರಿಯಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕದಲ್ಲಿ ಅಳವಡಿಸಿತು. ಸದರಿ ಉಪಕರಣವು ಬೆಳಕನ್ನು ತರಂಗಾಂತರಗಳಿಗನುಸಾರವಾಗಿ ಬಿಡಿಸಿ ದಾಖಲಿಸುತ್ತದೆ. ಯಾವ ತರಂಗಾಂತರದಲ್ಲಿ ಬೆಳಕು ಕುಂದಿದೆ ಎಂಬುದರಿಂದ ಅದರ ಹಾದಿಯಲ್ಲಿರುವ ಅನಿಲವನ್ನು ಗುರುತಿಸಬಹುದಾಗಿದೆ. ಎಚ್‌ಡಿ 209458 ನಕ್ಷತ್ರದ ಗ್ರಹದಿಂದ ಜಲಜನಕವು ಸೋರಿಹೋಗುತ್ತಿರುವುದು 2003ರಲ್ಲಿ ತಿಳಿದುಬಂದುದು ಈ ಕ್ರಮದಿಂದಲೇ.

2004ರ ಆಗಸ್ಟ್‌ನಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಉಪಕರಣವು ಸ್ಥಗಿತಗೊಂಡಿತು. ಕಕ್ಷೆಯಲ್ಲಿಯೇ ಬಿಚ್ಚಿ ದುರಸ್ತಿ ಮಾಡುವಂತೆ ಇದನ್ನು ರೂಪಿಸಿರಲಿಲ್ಲ. ಆದಾಗ್ಯೂ 2009ರ ಮೇ ತಿಂಗಳಿನಲ್ಲಿ ಗಗನಯಾತ್ರಿಗಳಾದ ಮೈಕ್ ಮ್ಯಾಸಿಮಿನೊ ಮತ್ತು ಮೈಕೆಲ್ ಗುಡ್ ಅವರು, ಸ್ಕ್ರೂ ಕಳಚದ ಹಿಡಿಕೆಯೊಂದನ್ನು ಮುರಿದು ತೆಗೆದು, ನೂರಕ್ಕೂ ಹೆಚ್ಚು ಸ್ಕ್ರೂಗಳನ್ನು ಬಿಚ್ಚಿ, ಕೆಟ್ಟ ವಿದ್ಯುತ್ ಫಲಕವನ್ನು ಬದಲಾಯಿಸಿದರು. ಇಷ್ಟನ್ನೂ ದಪ್ಪ ಕೈಗವಸು ಧರಿಸಿಯೇ ಮಾಡಬೇಕಾಯಿತೆಂಬುದು ಗಮನಾರ್ಹ. ತದನಂತರ ಉಪಕರಣವು ಪುನಃ ಕಾರ್ಯಾರಂಭ ಮಾಡಿತು.